ಅಣ್ಣನಿಗೆ ಕಾಯಿಲೆ ಪತ್ತೆಯಾದ ದಿನವೇ ತಂಗಿಯನ್ನೂ ಪರೀಕ್ಷಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ನನಗೆ ಇಬ್ಬರು ಮಕ್ಕಳು. ಇಬ್ಬರಿಗೂ ವಿಲ್ಸನ್ ಕಾಯಿಲೆ ಇದೆ, ಅಂದರೆ ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ಕಾಯಿಲೆ. ಮಗನ ಕಾಯಿಲೆ ತಡವಾಗಿ ಗೊತ್ತಾಯಿತು. ಅದು ಅಪರೂಪದ ಕಾಯಿಲೆ, ಯಾರಿಗೂ ಹೊಳೆಯಲಿಲ್ಲ ಅಂತ ಹೇಗೋ ಸಮಾಧಾನ ಮಾಡಿಕೊಂಡಿದ್ದೇನೆ. ಮಗಳ ವಿಷಯದಲ್ಲಿ ಆ ಸಮಾಧಾನವೂ ಇಲ್ಲ. ಅವಳ ಕೈ ನಡುಗದ ಹಾಗೆ ತಡೆಯಬಹುದಿತ್ತು. ಅದಕ್ಕೆ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತನ್ನು ಯಾರೂ ಹೇಳಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ಮಗನ ವಿಷಯ ಹೇಳುತ್ತೇನೆ. 2017ರಲ್ಲಿ ಅವನಿಗೆ 9 ವರ್ಷ. ಕಾಮಾಲೆ ಬಂತು. ನಮ್ಮ ಕಡೆ ಕಾಮಾಲೆ ಅಂದರೆ ನಾಟಿ ಔಷಧಿ, ಪಥ್ಯ, ಅಷ್ಟೇ. ಮೂರು ವಾರದಲ್ಲಿ ಕಣ್ಣಿನ ಹಳದಿ ಇಳಿಯಿತು. ವಾಸಿಯಾಯಿತು ಅಂದುಕೊಂಡೆವು. ಮೈಗೆ ಒಳ್ಳೆಯದು ಅಂತ ನನ್ನ ಅವ್ವ ರಾತ್ರಿ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನು ದಿನಾ ಬೆಳಿಗ್ಗೆ ಅವನಿಗೆ ಕುಡಿಸತೊಡಗಿದಳು. ಮೊಮ್ಮಗನ ಮೇಲಿನ ಪ್ರೀತಿಗೆ ಮಾಡಿದ್ದು. ಕಾಯಿಲೆ ಬಂದದ್ದು ಆ ನೀರಿನಿಂದಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಆದರೂ ಆ ಚೊಂಬು ಕಂಡರೆ ಅವ್ವ ಈಗಲೂ ಅಳುತ್ತಾಳೆ.

6ನೇ ತರಗತಿಗೆ ಬಂದಾಗ ಅವನ ಬರವಣಿಗೆ ಕೆಟ್ಟಿತು. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ ಹುಡುಗ. ಅಕ್ಷರ ಸಣ್ಣದಾಯಿತು, ಸೊಟ್ಟಗಾಯಿತು, ಗೆರೆ ಬಿಟ್ಟು ಕೆಳಗಿಳಿಯಿತು. ನಾನು ಕನ್ನಡ ಮೇಷ್ಟ್ರು ನೋಡಿ. ಹುಡುಗ ಮೈಗಳ್ಳನಾಗಿದ್ದಾನೆ ಅಂತ ತಿಳಿದೆ. ದಿನಕ್ಕೆ ಎರಡು ಪುಟ ಕಾಪಿ ಬರೆಸಿದೆ. ಚೆನ್ನಾಗಿಲ್ಲ ಅಂತ ಹಾಳೆ ಹರಿದು ಮತ್ತೆ ಬರೆಸಿದೆ. ಎರಡು ಸಲ ಹೊಡೆದೆ. ಆ ಕಾಪಿ ಪುಸ್ತಕಗಳು ಇನ್ನೂ ನನ್ನ ಹತ್ತಿರ ಇವೆ. ತಿರುವಿ ಹಾಕಿದರೆ ಕಾಯಿಲೆ ತಿಂಗಳಿಂದ ತಿಂಗಳಿಗೆ ಹೇಗೆ ಏರಿತು ಅಂತ ಕಣ್ಣಿಗೆ ಕಾಣುತ್ತದೆ.

ಆಮೇಲೆ ಕೊರೊನಾ ಬಂತು, ಶಾಲೆ ಮುಚ್ಚಿತು. ಮನೆಯಲ್ಲೇ ಇದ್ದ ಹುಡುಗನ ಮಾತು ತೊದಲತೊಡಗಿತು. ಬಾಯಿ ಅರ್ಧ ತೆರೆದೇ ಇರುತ್ತಿತ್ತು, ಜೊಲ್ಲು ಸೋರುತ್ತಿತ್ತು. ಸುಮ್ನೆ ಕೂತಿದ್ದರೂ ನಗುತ್ತಿರುವ ಹಾಗೆ ಮುಖ. ಶಾಲೆ ಶುರುವಾದ ಮೇಲೆ ಪಾಠದ ನಡುವೆ ಹಲ್ಲು ಬಿಡುತ್ತಾನೆ ಅಂತ ಅವನನ್ನು ಹೊರಗೆ ನಿಲ್ಲಿಸಿದ್ದೂ ಇದೆ. ಎಡಗೈ ತಿರುಚಿಕೊಂಡಿತು. ಗಾಳಿ ಸೋಕಿದೆ ಅಂದರು, ಅಂತ್ರ ಕಟ್ಟಿಸಿದೆವು. ಮೂಳೆ ಡಾಕ್ಟರಿಗೆ ತೋರಿಸಿದೆವು. ಇನ್ನೊಬ್ಬರು ಇದು ಮನಸ್ಸಿನ ಕಾಯಿಲೆ ಅಂತ ನಿದ್ದೆ ಮಾತ್ರೆ ಬರೆದುಕೊಟ್ಟರು. ಹೀಗೇ ಮೂರು ವರ್ಷ ಹೋಯಿತು.

ಕೊನೆಗೆ ಕಂಡುಹಿಡಿದವರು ಒಬ್ಬ ಕಣ್ಣಿನ ಡಾಕ್ಟರು. 2022ರ ನವೆಂಬರ್‌ನಲ್ಲಿ ಕನ್ನಡಕಕ್ಕೆಂದು ಹೋಗಿದ್ದೆವು. ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದ ಆ ತಾಯಿ ಮತ್ತೆ ನೋಡಿದರು, ಮತ್ತೆ ಮತ್ತೆ ನೋಡಿದರು. ಕರಿಗುಡ್ಡೆಯ ಅಂಚಿನ ಸುತ್ತ ಕಂದು ಬಣ್ಣದ ಬಳೆ. ಅದು ತಾಮ್ರ. ಇದಕ್ಕೆ ಕೈಸರ್-ಫ್ಲೈಷರ್ ಬಳೆ ಅನ್ನುತ್ತಾರೆ. ವಿಲ್ಸನ್ ಕಾಯಿಲೆ ಮಿದುಳಿಗೆ ಇಳಿದವರಲ್ಲಿ ಬಹುತೇಕ ಎಲ್ಲರ ಕಣ್ಣಲ್ಲೂ ಇದು ಇರುತ್ತದೆ. ಅವರೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು ಎಷ್ಟಿದೆ ನೋಡಿದರು. 20ಕ್ಕಿಂತ ಮೇಲಿರಬೇಕಾದದ್ದು 6 ಇತ್ತು. ಒಂದು ದಿನ ಪೂರ್ತಿ ಮೂತ್ರ ಹಿಡಿದು ತಾಮ್ರ ಅಳೆದರು, ಎಂಆರ್‌ಐ ಮಾಡಿದರು. ಕಾಯಿಲೆಗೆ ಹೆಸರು ಸಿಕ್ಕಿತು.

ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ತಮಗೆ ಗೊತ್ತಿರಬಹುದು. ಓದುವ ಉಳಿದ ಅಪ್ಪ ಅಮ್ಮಂದಿರಿಗೂ ಗೊತ್ತಾಗಲಿ. ನಾವು ತಿನ್ನುವ ಅನ್ನ, ಕಾಳು, ಕಡಲೆಬೀಜದಲ್ಲೆಲ್ಲ ಚೂರು ತಾಮ್ರ ಇರುತ್ತದೆ. ದೇಹಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಹಾಗೆ ಹೊರಗೆ ಹಾಕುವ ಪಂಪನ್ನು ಮಾಡುವುದು 13ನೇ ವರ್ಣತಂತುವಿನಲ್ಲಿರುವ ಎಟಿಪಿ7ಬಿ ಎಂಬ ಜೀನು. 1993ರಲ್ಲಿ ಅದನ್ನು ಗುರುತಿಸಿದರು. ಈ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಎರಡೂ ಕೆಟ್ಟರೆ, ಬಚ್ಚಲ ಕಿಂಡಿ ಕಟ್ಟಿಕೊಂಡಾಗ ನೀರು ಮನೆಯೊಳಕ್ಕೆ ತಿರುಗುವ ಹಾಗೆ ತಾಮ್ರ ಲಿವರ್‌ನಲ್ಲಿ ತುಂಬಿ, ಅಲ್ಲಿಂದ ಉಕ್ಕಿ ಮಿದುಳಿಗೆ, ಕಣ್ಣಿಗೆ ಹೋಗುತ್ತದೆ. ಮಿದುಳಿನಲ್ಲಿ ಅದು ಹೆಚ್ಚಾಗಿ ಕೂರುವುದು ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಜಾಗದಲ್ಲಿ. ನಡುಕ, ತಿರುಚು, ತೊದಲು ಎಲ್ಲಾ ಬರುವುದು ಅದರಿಂದ.

ನನ್ನಲ್ಲಿ ಒಂದು ಪ್ರತಿ ಕೆಟ್ಟಿದೆ. ನನ್ನ ಹೆಂಡತಿಯಲ್ಲೂ ಒಂದು. ನಮಗಿಬ್ಬರಿಗೂ ಏನೂ ಆಗಿಲ್ಲ. ಇಂಥ ಗಂಡಹೆಂಡಿರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಎರಡನೆಯದು ಬಚಾವು ಅನ್ನುವ ಹಾಗಿಲ್ಲ. ಪ್ರತಿ ಸಲವೂ ನಾಲ್ಕರಲ್ಲಿ ಒಂದೇ.

ಮಾನ್ಯರೇ, ನನ್ನ ದೂರು ಇರುವುದು ಇಲ್ಲೇ. ಮಗ 11 ದಿನ ಆ ಆಸ್ಪತ್ರೆಯಲ್ಲಿದ್ದ. ಮಗಳಿಗೆ ಆಗ 10 ವರ್ಷ. ಮಂಚದ ಪಕ್ಕದಲ್ಲೇ ಕೂತು ಅಣ್ಣನಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ಡಾಕ್ಟರು, ನರ್ಸು, ಕಲಿಯುವ ಹುಡುಗರು ಎಲ್ಲರೂ ಅವಳನ್ನು ದಾಟಿಕೊಂಡೇ ಅವನನ್ನು ನೋಡಿದರು. ಒಬ್ಬರೂ ಈ ಹುಡುಗಿಯ ರಕ್ತವನ್ನೂ ನೋಡೋಣ ಅನ್ನಲಿಲ್ಲ. ಡಿಸ್ಚಾರ್ಜ್ ಸಮರಿ ನಾಲ್ಕು ಪುಟ ಇದೆ. ಮಾತ್ರೆ, ಪಥ್ಯ, ಮತ್ತೆ ಬರಬೇಕಾದ ತಾರೀಕು ಎಲ್ಲ ಇದೆ. ತಂಗಿಯ ಬಗ್ಗೆ ಒಂದು ಸಾಲಿಲ್ಲ. ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಅದನ್ನು ಕೇಳಿದ ಒಬ್ಬ ಡಾಕ್ಟರು ವಾರ್ಡಿನಲ್ಲಿ ಎಲ್ಲರ ಮುಂದೆ, "ಸಂಬಂಧದಲ್ಲೇ ಮದುವೆ ಆದ್ರೆ ಇನ್ನೇನಾಗುತ್ತೆ" ಅಂದರು. ಬೈಯುವುದಕ್ಕೆ ಅವರಿಗೆ ಸಮಯವಿತ್ತು. ಹಾಗಿದ್ದರೆ ಎರಡನೇ ಮಗುವನ್ನೂ ನೋಡಬೇಕಲ್ಲ ಅನ್ನುವುದು ಮಾತ್ರ ಹೊಳೆಯಲಿಲ್ಲ. ಆಸ್ಪತ್ರೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ದೂರಿದರೆ ಇದು ಸರಿಹೋಗುವುದಿಲ್ಲ.

2025ರ ಸಂಕ್ರಾಂತಿಯ ಬೆಳಿಗ್ಗೆ ಮಗಳು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಚುಕ್ಕಿ ಸರಿಯಾಗೇ ಇಟ್ಟಿದ್ದಳು. ಎಳೆ ಮಾತ್ರ ಚುಕ್ಕಿ ಬಿಟ್ಟು ಆಚೀಚೆ ಹೋಗುತ್ತಿತ್ತು. ಒರೆಸಿ ಮತ್ತೆ ಎಳೆದಳು, ಮತ್ತೆ ಹಾಗೇ ಆಯಿತು. ನಾನು ಹಲ್ಲುಜ್ಜುತ್ತಾ ನಿಂತು ನೋಡುತ್ತಿದ್ದೆ. ನನಗೆ ಆ ಕಾಪಿ ಪುಸ್ತಕಗಳು ನೆನಪಾದವು. ಹಬ್ಬ ಮುಗಿದ ಮಾರನೇ ದಿನವೇ ಕರೆದುಕೊಂಡು ಹೋದೆ, ಈ ಸಲ ಬೇರೆ ಕಡೆ. ಬಳೆ ಅವಳ ಕಣ್ಣಲ್ಲೂ ಇತ್ತು. ಅಲ್ಲಿನ ಡಾಕ್ಟರು ಫೈಲು ನೋಡಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಅಣ್ಣನಿಗೆ ಎರಡು ವರ್ಷದ ಹಿಂದೆಯೇ ಗೊತ್ತಾಗಿದೆ. ಇವಳನ್ನ ಆಗಲೇ ಯಾಕೆ ತೋರಿಸಲಿಲ್ಲ?" ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಇದೇನು ಹೊಸದಾಗಿ ಕಂಡುಹಿಡಿದ ವಿಷಯವಲ್ಲ. 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ಈ ಕಾಯಿಲೆಯನ್ನು ಮೊದಲು ವಿವರಿಸಿದಾಗ, ಇದು ಕುಟುಂಬದಲ್ಲಿ ಬರುವ ಕಾಯಿಲೆ ಅಂತ ಲೇಖನದ ಶೀರ್ಷಿಕೆಯಲ್ಲೇ ಬರೆದಿದ್ದರು. ಒಬ್ಬರಲ್ಲಿ ಪತ್ತೆಯಾದರೆ ಒಡಹುಟ್ಟಿದವರನ್ನು ಪರೀಕ್ಷಿಸಲೇಬೇಕು ಅಂತ ಅಮೆರಿಕ, ಯುರೋಪಿನ ಲಿವರ್ ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ಔಷಧಿಯೂ ಹಳೆಯದೇ. ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುವ ಪೆನಿಸಿಲಮೈನ್ ಮಾತ್ರೆಯನ್ನು ಜಾನ್ ವಾಲ್ಶ್ ಬಳಕೆಗೆ ತಂದದ್ದು 1956ರಲ್ಲಿ. ಊಟದ ತಾಮ್ರ ಕರುಳಲ್ಲೇ ನಿಲ್ಲುವ ಹಾಗೆ ಮಾಡುವ ಜಿಂಕ್ ಕೂಡ ಇದೆ. ಹುಟ್ಟಿನಿಂದ ಬರುವ ಚಲನೆಯ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಮದ್ದಿಲ್ಲ. ಮದ್ದಿರುವ ಕೆಲವೇ ಕೆಲವುಗಳಲ್ಲಿ ಇದು ಒಂದು. ಅದಕ್ಕೇ ನನಗೆ ಸಂಕಟ ಜಾಸ್ತಿ.

ಬೇಗ ಗೊತ್ತಾದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ನನ್ನ ತಮ್ಮ ಮದುವೆಯಾಗಿರುವುದು ನನ್ನ ಹೆಂಡತಿಯ ತಂಗಿಯನ್ನು. ಅವರಿಗೆ 6 ವರ್ಷದ ಮಗ. ಮಗಳಿಗೆ ಕಾಯಿಲೆ ಗೊತ್ತಾದ ಮೇಲೆ ನಾನು ಹಟ ಹಿಡಿದು ಅವನಿಗೂ ಪರೀಕ್ಷೆ ಮಾಡಿಸಿದೆ. ಚೆನ್ನಾಗಿರೋ ಮಗುವಿಗೆ ಸೂಜಿ ಯಾಕೆ, ಖರ್ಚು ಯಾಕೆ ಅಂತ ತಮ್ಮ ಜಗಳವಾಡಿದ. ಸೆರುಲೋಪ್ಲಾಸ್ಮಿನ್ ಕಡಿಮೆ ಬಂತು. ಒಂದೇ ಪ್ರತಿ ಕೆಟ್ಟಿರುವ ಆರೋಗ್ಯವಂತರಲ್ಲೂ ಇದು ಸ್ವಲ್ಪ ಕಡಿಮೆ ಇರಬಹುದು. ಹಾಗಾಗಿ ಜೀನ್ ಪರೀಕ್ಷೆಯೂ ಬೇಕಾಯಿತು. ನನ್ನ ಮಗನ ಜೀನಿನಲ್ಲಿ ತಪ್ಪು ಎಲ್ಲಿದೆ ಅಂತ ಮೊದಲೇ ಗೊತ್ತಿತ್ತು. ಇವನಲ್ಲಿ ಆ ಒಂದು ಜಾಗ ಮಾತ್ರ ನೋಡಿದರೆ ಸಾಕಾಯಿತು. ಎರಡೂ ಪ್ರತಿಯಲ್ಲಿ ಅದೇ ತಪ್ಪು. ಹುಡುಗನಿಗೆ ಈಗ ದಿನಕ್ಕೆ ಮೂರು ಹೊತ್ತು ಜಿಂಕ್. ಕಣ್ಣಲ್ಲಿ ಬಳೆಯಿಲ್ಲ, ಕೈಯಲ್ಲಿ ನಡುಕವಿಲ್ಲ. ಮಾತ್ರೆ ತಪ್ಪಿಸದಿದ್ದರೆ ಹೀಗೇ ಇರುತ್ತಾನೆ ಅಂತ ಡಾಕ್ಟರು ಹೇಳಿದ್ದಾರೆ. ಸಂಜೆ ಬಯಲಲ್ಲಿ ಖೋ-ಖೋ ಆಡುತ್ತಾನೆ. ನನ್ನ ಮಗಳು ಕಟ್ಟೆ ಮೇಲೆ ಕೂತು ನೋಡುತ್ತಾಳೆ. ಇಬ್ಬರಲ್ಲಿರುವುದೂ ಒಂದೇ ಜೀನು, ಒಂದೇ ಜಾಗದ ತಪ್ಪು.

ಮಾನ್ಯರೇ, ಹಾಗಾಗಿ ನನ್ನ ಮೊದಲ ಮನವಿ. ರಾಜ್ಯದ ಯಾವುದೇ ಆಸ್ಪತ್ರೆಯಲ್ಲಿ, ಸರ್ಕಾರಿಯೇ ಇರಲಿ ಖಾಸಗಿಯೇ ಇರಲಿ, ಒಂದು ಮಗುವಿಗೆ ವಿಲ್ಸನ್ ಕಾಯಿಲೆ ಅಂತ ಗೊತ್ತಾದರೆ ಅದರ ಅಣ್ಣ, ತಮ್ಮ, ಅಕ್ಕ, ತಂಗಿಯರನ್ನು ಪರೀಕ್ಷೆಗೆ ಕರೆಯುವುದು ಆ ಆಸ್ಪತ್ರೆಯ ಹೊಣೆ ಅಂತ ಸುತ್ತೋಲೆ ಹೊರಡಿಸಿ. ಡಿಸ್ಚಾರ್ಜ್ ಸಮರಿಯಲ್ಲಿ ಅದನ್ನು ಕನ್ನಡದಲ್ಲಿ ಬರೆಯಲೇಬೇಕು ಅಂತ ಮಾಡಿ. ಪರೀಕ್ಷೆ ಉಚಿತವಾಗಿರಲಿ. ಒಂದು ಮಗುವಿನ ಔಷಧಿಗೇ ಸಾಲ ಮಾಡಿರುವವರು ಚೆನ್ನಾಗಿ ಓಡಾಡಿಕೊಂಡಿರುವ ಇನ್ನೊಂದು ಮಗುವಿಗೆ ಖರ್ಚು ಮಾಡುವುದಿಲ್ಲ. ನನ್ನ ತಮ್ಮ ಹಿಂಜರಿದದ್ದೂ ಅದಕ್ಕೇ.

ಇದಕ್ಕೆ ದೊಡ್ಡ ಕಟ್ಟಡವೇನೂ ಬೇಡ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಸ್ಲಿಟ್ ಲ್ಯಾಂಪ್ ಇದೆ. ಸೆರುಲೋಪ್ಲಾಸ್ಮಿನ್ ಪರೀಕ್ಷೆಗೆ ರಕ್ತ ತೆಗೆದು ಕಳಿಸುವ ಏರ್ಪಾಡು ಮಾಡಿದರೆ ಮುಗಿಯಿತು. ಈ ಕಾಯಿಲೆ ಬಲ್ಲವರು ನಮ್ಮ ರಾಜ್ಯದಲ್ಲೇ ಇದ್ದಾರೆ. ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲೇ ಪ್ರಕಟಿಸಿದ್ದಾರೆ. ಇಷ್ಟು ಅನುಭವ ಬೇರೆ ಕಡೆ ಸಿಗುವುದು ಕಷ್ಟ. ಆ ತಿಳಿವಳಿಕೆ ಹೊಸೂರು ರಸ್ತೆ ದಾಟಿ ನಮ್ಮ ತಾಲ್ಲೂಕಿಗೂ ಬರಬೇಕು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದೆಯಲ್ಲ, ಆ ಕ್ಲಿನಿಕ್‌ಗಳ ಮೂಲಕವೇ ಇದನ್ನೂ ಮಾಡಬಹುದು.

ಇನ್ನು ಮಾತ್ರೆ. ಪೆನಿಸಿಲಮೈನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ನಮ್ಮ ತಾಲ್ಲೂಕಿನ ಒಂದು ಅಂಗಡಿಯಲ್ಲೂ ಇಲ್ಲ. ದಾವಣಗೆರೆಯಲ್ಲಿ ಒಬ್ಬರು ಆರ್ಡರ್ ಹಾಕಿ ತರಿಸಿಕೊಡುತ್ತಾರೆ. ಕೆಲವು ಸಲ ವಾರ ಕಾಯಬೇಕು. ಇದು ಜೀವನಪೂರ್ತಿ ನುಂಗಬೇಕಾದ ಮಾತ್ರೆ. ಹುಷಾರಾಗಿದ್ದೇವೆ ಅಂತ ನಿಲ್ಲಿಸಿಬಿಟ್ಟವರಲ್ಲಿ ಲಿವರ್ ಇದ್ದಕ್ಕಿದ್ದಂತೆ ಕೈಕೊಟ್ಟು ಜೀವ ಹೋದದ್ದಿದೆ. ಆರೋಗ್ಯ ಕಾರ್ಡು ಆಸ್ಪತ್ರೆಗೆ ಸೇರಿದರೆ ನೆರವಾಗುತ್ತದೆ. ಮನೆಯಲ್ಲಿ ದಿನಾ ನುಂಗುವ ಮಾತ್ರೆಗೆ ನಮಗೆ ಅದರಿಂದ ಏನೂ ಸಿಕ್ಕಿಲ್ಲ. ಪೆನಿಸಿಲಮೈನ್, ಜಿಂಕ್ ಎರಡೂ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೆ ಒಟ್ಟಿಗೆ ಸಿಗುವಂತಾಗಲಿ. ಕೊಡುವಾಗ ಎರಡು ಮಾತು ಹೇಳುವವರೂ ಇರಲಿ. ಮಾತ್ರೆ ಶುರು ಮಾಡಿದ ಹೊಸದರಲ್ಲಿ ಕೆಲವರಿಗೆ ನಡುಕ ಜಾಸ್ತಿಯಾಗುತ್ತದೆ. ನನ್ನ ಮಗನಿಗೂ ಆಯಿತು. ನಮಗೆ ಯಾರೂ ಹೇಳಿರಲಿಲ್ಲ. ಮಾತ್ರೆಯೇ ವಿಷ ಅಂತ ಎಸೆಯಲು ಹೊರಟಿದ್ದೆವು. ಊಟಕ್ಕೆ ಒಂದು ಗಂಟೆ ಮೊದಲು ನುಂಗಬೇಕು ಅನ್ನುವುದನ್ನು ಶಾಲೆಗೂ ತಿಳಿಸಬೇಕು. ಬಿಸಿಯೂಟದ ಹೊತ್ತಿಗೆ ಸರಿಯಾಗಿ ಮಗಳು ಮಾತ್ರೆ ಮರೆತ ದಿನಗಳು ಬೇಕಾದಷ್ಟಿವೆ.

ಮೇಷ್ಟ್ರಾಗಿ ಒಂದು ಕೇಳಿಕೆ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಮಕ್ಕಳ ಹಲ್ಲು, ಕಣ್ಣು, ಕಿವಿ, ತೂಕ ನೋಡುತ್ತದೆ. ಒಳ್ಳೆಯ ಕೆಲಸ. ಆ ತಂಡದವರು ಕ್ಲಾಸ್ ಟೀಚರನ್ನು ಒಂದು ಪ್ರಶ್ನೆ ಕೇಳಲಿ. ಮೊದಲು ಚೆನ್ನಾಗಿ ಬರೆಯುತ್ತಿದ್ದು ಈಗ ಬರವಣಿಗೆ ಕೆಟ್ಟಿರುವ, ಮಾತು ತೊದಲುವ, ಜೊಲ್ಲು ಸೋರುವ, ಹಿಂದೆ ಕಾಮಾಲೆಯಾಗಿದ್ದ ಮಕ್ಕಳು ಯಾರಾದರೂ ಇದ್ದಾರಾ? ಅಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಇರುವುದಿಲ್ಲ. ಆದರೆ ಇರುವ ಒಬ್ಬ ಹುಡುಗನನ್ನು ಡಾಕ್ಟರಿಗಿಂತ ಮೊದಲು ನೋಡುವುದು ನಾವು ಮೇಷ್ಟ್ರುಗಳು. ಶಿಕ್ಷಕರ ತರಬೇತಿಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಈ ಅರ್ಧ ಗಂಟೆ ನನಗೆ ಯಾರಾದರೂ ಕೊಟ್ಟಿದ್ದರೆ ನಾನು ಮಗನಿಗೆ ಹೊಡೆಯುತ್ತಿರಲಿಲ್ಲ.

ಕೊನೆಯದು ಕೌನ್ಸೆಲಿಂಗ್. ರಾಜ್ಯದಲ್ಲಿ ಸುಮಾರು ಕಾಲುಭಾಗ ಮದುವೆಗಳು ಸಂಬಂಧದಲ್ಲೇ ಆಗುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಜೀನುಗಳ ಕಾಲುಭಾಗ ಒಂದೇ ಇರುತ್ತದೆ. ಹಾಗಾಗಿ ಒಂದೇ ತಪ್ಪು ಎರಡೂ ಕಡೆಯಿಂದ ಬಂದು ಸೇರುವುದು ಸುಲಭ. ಇದನ್ನು ಜನರಿಗೆ ತಿಳಿಸಬೇಕು, ಬೈದಲ್ಲ. ಸಂಬಂಧವೇ ಇಲ್ಲದ ಗಂಡಹೆಂಡಿರ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ವಾರ್ಡಿನಲ್ಲಿ ಆ ಮಾತು ಕೇಳಿದ ದಿನದಿಂದ ನನ್ನ ಹೆಂಡತಿ ತವರಿನ ಮದುವೆ ಮುಂಜಿಗೆ ಹೋಗಿಲ್ಲ.

ಎಲ್ಲಾ ಕಾಯಿಲೆಗೂ ಒಂದೇ ಸಲಹೆ ಸಾಲದು. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ರೈತ ಸಿಕ್ಕಿದ್ದ. ಅವನಿಗೆ ಅಟಾಕ್ಸಿಯಾ, ಮೈಯ ಸಮತೋಲ ತಪ್ಪುವ ಕಾಯಿಲೆ. ತೂರಾಡಿಕೊಂಡು ನಡೆಯುತ್ತಾನೆ, ಊರಲ್ಲಿ ಕುಡುಕ ಅನ್ನುತ್ತಾರಂತೆ. ಹನಿ ಮುಟ್ಟಿದವನಲ್ಲ. ಅವನ ಅಪ್ಪನಿಗೂ ಹೀಗೇ ಇತ್ತು. ಅವನದು ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಮಿತಿ ಮೀರಿ ಮತ್ತೆ ಮತ್ತೆ ಬರುವುದರಿಂದ ಆಗುವಂಥದ್ದು. ಕೈಕಾಲು ತಾನಾಗಿ ಕುಣಿಯುವ ಹಂಟಿಂಗ್ಟನ್ ಕಾಯಿಲೆಯೂ ಇದೇ ಜಾತಿಯದು. ಇವುಗಳಲ್ಲಿ ಒಂದು ಪ್ರತಿ ಕೆಟ್ಟರೂ ಕಾಯಿಲೆ ಬರುತ್ತದೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ತಡೆಯುವ ಮದ್ದಿಲ್ಲ. ಹಾಗಾಗಿ ಅಲ್ಲಿ ಆರೋಗ್ಯವಾಗಿರುವ ಮಕ್ಕಳಿಗೆ ಪರೀಕ್ಷೆ ಮಾಡುವುದಿಲ್ಲ. 18 ದಾಟಿದ ಮೇಲೆ ಅವರೇ ಯೋಚಿಸಿ ತೀರ್ಮಾನಿಸಬೇಕು, ತಿಳಿದುಕೊಳ್ಳುವುದು ಬೇಡ ಅನ್ನುವ ಹಕ್ಕೂ ಅವರಿಗಿದೆ. ನಮ್ಮ ಕಾಯಿಲೆಯಲ್ಲಿ ಇವತ್ತೇ ಪರೀಕ್ಷೆ ಮಾಡಬೇಕು, ಅವರದ್ದರಲ್ಲಿ ಕಾಯಬೇಕು. ಈ ವ್ಯತ್ಯಾಸವನ್ನು ಕನ್ನಡದಲ್ಲಿ ಕೂರಿಸಿಕೊಂಡು ಹೇಳುವ ಒಬ್ಬ ಜೆನೆಟಿಕ್ ಕೌನ್ಸೆಲರ್ ಪ್ರತಿ ವಿಭಾಗಕ್ಕೆ ಒಬ್ಬರಾದರೂ ಬೇಕು. ಆ ರೈತನಿಗೆ ಇಬ್ಬರು ಹೆಣ್ಣುಮಕ್ಕಳು. ಅವರಿಗೆ ಏನು ಹೇಳಲಿ ಮೇಷ್ಟ್ರೇ ಅಂತ ನನ್ನನ್ನು ಕೇಳಿದ.

ನನ್ನ ಮಗ ಒಂದು ವರ್ಷ ಬಿಟ್ಟು, ಬರೆಯಲು ಸಹಾಯಕನನ್ನು ಇಟ್ಟುಕೊಂಡು ಎಸ್ಸೆಸ್ಸೆಲ್ಸಿ ಪಾಸಾದ. ಮಾತು ಮೊದಲಿಗಿಂತ ಸ್ಪಷ್ಟವಾಗಿದೆ. ಎಡಗೈ ಇನ್ನೂ ಸರಿಹೋಗಿಲ್ಲ. ಮಗಳ ನಡುಕ ಸ್ವಲ್ಪ ಇಳಿದಿದೆ. ಪೂರ್ತಿ ಹೋಗುತ್ತದಾ ಅಂತ ಅವಳು ದಿನಾ ಕೇಳುತ್ತಾಳೆ.

ತಮ್ಮ ಕಚೇರಿಯಿಂದ ಕರೆ ಬಂದರೆ ಎಲ್ಲಾ ಕಾಗದ ಹಿಡಿದುಕೊಂಡು ಬರುತ್ತೇನೆ. ಕಾಪಿ ಪುಸ್ತಕಗಳನ್ನೂ ತರುತ್ತೇನೆ. ಮಗನ ಆ ಡಿಸ್ಚಾರ್ಜ್ ಸಮರಿಯನ್ನೂ ತರುತ್ತೇನೆ. ಅದರ ನಾಲ್ಕನೇ ಪುಟದಲ್ಲಿ ಸಹಿಯ ಕೆಳಗೆ ಅರ್ಧ ಹಾಳೆ ಖಾಲಿ ಇದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕ
ಚಿತ್ರದುರ್ಗ ಜಿಲ್ಲೆ